ಹಳೇ ಅಫೀಮು ಮೊಕದ್ದಮೆಗಳ ಮಹಜರು: ರಾತ್ರಿ ಮನೆಯೊಳಕ್ಕೆ ಹೋಗಲು ಅಧಿಕಾರ ಇತ್ತೇ?

ಹಳೇಕಡತ (ಮೈಸೂರು):
1878ರ ಅಫೀಮು ಕಾಯಿದೆಯಲ್ಲಿ ಶೋಧನೆ ಮತ್ತು ಜಪ್ತಿಯ ಕಲಮುಗಳನ್ನು ಓದುತ್ತಿದ್ದೇನೆ. ಒಂದು ಉದಾಹರಣೆ ಇಟ್ಟುಕೊಳ್ಳೋಣ. ವರ್ಷ 1910. ಸತ್ತೇಗಾಲದ ಬಳಿ, ಕಾವೇರಿ ದಾಟುವ ಮೊದಲು, ಪೇದೆಯೊಬ್ಬ ಎತ್ತಿನ ಗಾಡಿ ನಿಲ್ಲಿಸುತ್ತಾನೆ. ರಾಗಿ ಮೂಟೆಯೊಳಗೆ ಅಫೀಮು ಸಿಗುತ್ತದೆ. ಅದೇ ರಾತ್ರಿ ಜಮಾದಾರರು ಗಾಡಿಯವನ ಮನೆಯನ್ನೂ ಶೋಧಿಸುತ್ತಾರೆ. ಪೇದೆಗೆ ಗಾಡಿ ತಡೆಯುವ ಅಧಿಕಾರ ಇತ್ತೇ? ರಾತ್ರಿಯ ಶೋಧನೆ ಕಾನೂನಿಗೆ ಸರಿಯೇ? ಗಾಡಿ, ಎತ್ತುಗಳ ಗತಿ ಏನು? ಬಲ್ಲವರು ಕಲಮು ಸಮೇತ ತಿಳಿಸಿ.

ಕಲಮು_ಹದಿನಾಲ್ಕು:
ಗಾಡಿ ತಡೆದದ್ದು ಸರಿ. ಮನೆಯ ವಿಷಯದಲ್ಲೇ ತಕರಾರು.

ಬಯಲು ಜಾಗ ಮತ್ತು ಸಾಗಣೆಯಲ್ಲಿರುವ ಮಾಲಿಗೆ 15ನೇ ಕಲಮು. ಅಬಕಾರಿ, ಪೊಲೀಸು, ಸುಂಕ, ಉಪ್ಪು, ಅಫೀಮು, ಕಂದಾಯ ಇಲಾಖೆಗಳ ಯಾವ ನೌಕರನಾದರೂ ಇದರಡಿ ಮಾಲು ಹಿಡಿಯಬಹುದು, ಅನುಮಾನಕ್ಕೆ ಕಾರಣವಿದ್ದರೆ ಆಸಾಮಿಯನ್ನು ತಡೆದು ಶೋಧಿಸಬಹುದು. ಅಫೀಮು ಸಿಕ್ಕರೆ ಅವನನ್ನೂ ಅವನ ಜೊತೆಗಿದ್ದವರನ್ನೂ ದಸ್ತಗಿರಿ ಮಾಡಬಹುದು. ಪೇದೆಗೂ ಈ ಅಧಿಕಾರ ಉಂಟು.

ಮನೆ, ದೋಣಿ, ಸುತ್ತುಗೋಡೆಯ ಜಾಗ ಎಂದರೆ 14ನೇ ಕಲಮು. ಇಲ್ಲಿ ಪೇದೆ, ಕಾನ್‌ಸ್ಟೇಬಲ್ ಸಾಲದು. ಅವರಿಗಿಂತ ಮೇಲಿನವರಾಗಿರಬೇಕು, ಸರ್ಕಾರದಿಂದ ಅಧಿಕಾರ ಪಡೆದಿರಬೇಕು. ತಾನೇ ತಿಳಿದ ಸಂಗತಿ ಇರಬೇಕು, ಇಲ್ಲವೇ ಬೇರೆಯವರು ಕೊಟ್ಟ ಸುಳಿವನ್ನು ಬರೆದಿಟ್ಟುಕೊಂಡಿರಬೇಕು. ಇಷ್ಟಿದ್ದರೂ ಸೂರ್ಯ ಹುಟ್ಟಿದ ಮೇಲೆ, ಮುಳುಗುವ ಮೊದಲು ಮಾತ್ರ. ಅಡ್ಡಿ ಮಾಡಿದರೆ ಬಾಗಿಲು ಒಡೆಯಲೂ ಅಧಿಕಾರವಿದೆ, ಆದರೆ ಅದೂ ಹಗಲಿನಲ್ಲೇ.

ರಾತ್ರಿ ಹೋಗಬೇಕೆಂದರೆ 19ನೇ ಕಲಮಿನ ವಾರಂಟು ಬೇಕು. ಕಲೆಕ್ಟರ್, ಅಧಿಕಾರ ಪಡೆದ ಬೇರೆ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟ್ ಕೊಟ್ಟ ವಾರಂಟಿಗೆ ಹಗಲು ರಾತ್ರಿಯ ಭೇದವಿಲ್ಲ. ಹಾಗಾಗಿ ಕಡತದಲ್ಲಿ ಮೊದಲು ಹುಡುಕಬೇಕಾದದ್ದು ಗಂಟೆ. ಮಹಜರಿನಲ್ಲಿ ಬರೀ ತಾರೀಖು ಇದ್ದು ಹೊತ್ತು ಬರೆಯದಿದ್ದರೆ ಅನುಮಾನ ಪಡಿ. ಸುಳಿವಿನ ಹೇಳಿಕೆಯನ್ನು ಶೋಧನೆ ಮುಗಿದ ಮೇಲೆ ಬರೆದು ಸೇರಿಸಿರುವ ಸಾಧ್ಯತೆಯೂ ಉಂಟು. ಶಾಯಿ, ಕೈಬರಹ, ಕಡತದ ಪುಟಸಂಖ್ಯೆ ಮೂರನ್ನೂ ಹೋಲಿಸಿ ನೋಡಿ.

ಮಂಡ್ಯದ_ದಫ್ತರು:
ಮೇಲಿನವರು ಹೇಳಿದ್ದು ಸರಿ, ಆದರೆ ಅದಕ್ಕೂ ಮೊದಲು ಹೊಳೆಯ ಯಾವ ದಡ ಎಂದು ಕೇಳಬೇಕು ಸ್ವಾಮಿ. ಹೆಚ್ಚಿನವರು ಎಡವುವುದು ಇಲ್ಲೇ. ಸತ್ತೇಗಾಲ ಇರುವ ಕೊಳ್ಳೇಗಾಲ ತಾಲ್ಲೂಕು 1956ರವರೆಗೆ ಕೊಯಮತ್ತೂರು ಜಿಲ್ಲೆ, ಅಂದರೆ ಮದರಾಸು ಪ್ರಾಂತ್ಯ. ಅಲ್ಲಿ ನಡೆಯುತ್ತಿದ್ದದ್ದು ಬ್ರಿಟಿಷ್ ಇಂಡಿಯಾದ ಕಾಯಿದೆ. ಆಚೆ ದಡದ ಮಳವಳ್ಳಿ ಮಹಾರಾಜರ ಸಂಸ್ಥಾನ. ಅಲ್ಲಿಗೆ ಸಂಸ್ಥಾನದ ಸ್ವಂತ ಕಾನೂನು, ಸ್ವಂತ ಅಬಕಾರಿ. ಗಾಡಿ ಹೊಳೆ ದಾಟಿತೆಂದರೆ ಆ ಪೇದೆಯ 15ನೇ ಕಲಮಿಗೆ ಬೆಲೆಯಿಲ್ಲ.

ಆಪಾದನೆ ಯಾವ ಉಪಕಲಮಿನದು ಎಂಬುದೂ ಇದರಿಂದಲೇ ಬದಲಾಗುತ್ತದೆ. 4 ಮತ್ತು 9ನೇ ಕಲಮುಗಳಲ್ಲಿ ಇಟ್ಟುಕೊಳ್ಳುವುದು, ಸಾಗಿಸುವುದು, ಆಮದು-ರಫ್ತು ಬೇರೆ ಬೇರೆ ಉಪಕಲಮು. ಒಂದೇ ಪ್ರಾಂತ್ಯದೊಳಗೆ ಒಯ್ದರೆ ಸಾಗಣೆ. ಸಂಸ್ಥಾನಕ್ಕೆ ದಾಟಿಸಿದರೆ ರಫ್ತು. ದಾಟುವ ಮೊದಲೇ ಹಿಡಿದಿರುವ ಕಾರಣ ನಿಮ್ಮ ಉದಾಹರಣೆಯಲ್ಲಿ ನೇರವಾಗಿ ನಿಲ್ಲುವುದು ಇಟ್ಟುಕೊಂಡದ್ದು ಮತ್ತು ಸಾಗಿಸಿದ್ದು. ಶಿಕ್ಷೆ ಒಂದೇ: ಒಂದು ವರ್ಷದವರೆಗೆ ಸಜೆ, ಇಲ್ಲವೇ 1000 ರೂಪಾಯಿವರೆಗೆ ಜುಲ್ಮಾನೆ, ಇಲ್ಲವೇ ಎರಡೂ.

ಇನ್ನೊಂದು. ಮಂಡ್ಯ ಜಿಲ್ಲೆಯಾದದ್ದು 1939ರಲ್ಲಿ. ಅದಕ್ಕೆ ಹಿಂದಿನ ಮಳವಳ್ಳಿ ಕಾಗದಗಳನ್ನು ಮೈಸೂರು ಜಿಲ್ಲೆಯ ಹೆಸರಲ್ಲಿ ಹುಡುಕಿ. ಕೇಂದ್ರದ ಅಫೀಮು ಕಾಯಿದೆಗಳು ಹಳೇ ಮೈಸೂರಿಗೆ ಬಂದದ್ದು 1950ರ ವಿಸ್ತರಣಾ ಕಾಯಿದೆಯಿಂದ.

ಹಳೇಕಡತ:
ದಡದ ವಿಚಾರ ಹೊಳೆದೇ ಇರಲಿಲ್ಲ ಸಾರ್, ತುಂಬಾ ಉಪಕಾರ. ಗಾಡಿ ಬಾಡಿಗೆಯದಾಗಿದ್ದರೆ? ತೂಕದ ಲೆಕ್ಕ ನೋಡುವುದು ಹೇಗೆ?

ತೊಲ_ಗುಂಜಿ:
ಜಪ್ತಿ ಬೇರೆ, ಮುಟ್ಟುಗೋಲು ಬೇರೆ. ಪೇದೆ ಮಾಡುವುದು ಜಪ್ತಿ, ಅಂದರೆ ಮಾಲನ್ನು ಹಿಡಿದಿಡುವುದು. ಮಾಲು ಸರ್ಕಾರದ್ದಾಗುವುದು 12ನೇ ಕಲಮಿನ ಹುಕುಂ ಆದ ಮೇಲೆ. ಏನೇನು ಹೋಗುತ್ತದೆ ಎಂಬುದು 11ನೇ ಕಲಮಿನಲ್ಲಿದೆ: ಅಫೀಮು, ಅದನ್ನು ತುಂಬಿದ್ದ ಮೂಟೆ, ಅದನ್ನು ಮರೆಮಾಡಿದ್ದ ರಾಗಿ, ಹೊತ್ತ ಗಾಡಿ, ಎಳೆದ ಎತ್ತು. ಬಡ ಗಾಡಿಯವನಿಗೆ ಜುಲ್ಮಾನೆಗಿಂತ ಎತ್ತಿನ ಜೋಡಿ ಹೋಗುವುದೇ ದೊಡ್ಡ ಹೊಡೆತ. ತಪ್ಪಿತಸ್ಥ ಸಿಕ್ಕಿಲ್ಲದ ಪ್ರಕರಣದಲ್ಲಿ ಮಾತ್ರ ಒಂದು ರಕ್ಷಣೆ ಇದೆ: ಜಪ್ತಿಯಾಗಿ ಒಂದು ತಿಂಗಳು ಕಳೆಯದೆ, ಹಕ್ಕು ಹೇಳಿ ಬಂದವನ ಮಾತು ಮತ್ತು ಸಾಕ್ಷ್ಯ ಕೇಳದೆ ಹುಕುಂ ಮಾಡುವಂತಿಲ್ಲ. ಬಾಡಿಗೆ ಗಾಡಿಯ ಮಾಲೀಕನ ಅರ್ಜಿಯನ್ನು ಆ ತಿಂಗಳ ಕಾಗದಗಳಲ್ಲಿ ಹುಡುಕಿ.

ತೂಕಕ್ಕೆ ತೊಲವನ್ನೇ ನಂಬಿ. ಒಂದು ತೊಲ 180 ಗ್ರೇನ್, ಸುಮಾರು 11.66 ಗ್ರಾಂ. ಬೆಳ್ಳಿ ರೂಪಾಯಿಯ ತೂಕವೂ ಅಷ್ಟೇ, ಅದನ್ನೇ ತಕ್ಕಡಿಗೆ ಹಾಕಬಹುದಿತ್ತು. 80 ತೊಲ ಒಂದು ಸೇರು, 40 ಸೇರು ಒಂದು ಮಣ. ಆದರೆ ನಮ್ಮ ಕಡೆ ಕಚ್ಚಾ ಸೇರು, ಪಕ್ಕಾ ಸೇರು ಎಂದು ಎರಡಿತ್ತು. ಯಾವುದೆಂದು ಬರೆಯದೆ ‘2 ಸೇರು’ ಎಂದಷ್ಟೇ ಇದ್ದರೆ ಆ ಅಂಕಿ ಉಪಯೋಗಕ್ಕೆ ಬಾರದು. ಹಸಿ ಅಫೀಮಿನಲ್ಲಿ ನೀರಿನಂಶ ಇರುತ್ತದೆ, ಠಾಣೆಯಲ್ಲಿ ದಿನಗಟ್ಟಲೆ ಇಟ್ಟರೆ ಒಣಗಿ ತೂಕ ಇಳಿಯುತ್ತದೆ. ಮಹಜರಿಗಿಂತ ಕೋರ್ಟಿನ ತೂಕ ಸ್ವಲ್ಪ ಕಡಿಮೆ ಬಂದರೆ ಕದ್ದರು ಎನ್ನಬೇಡಿ. ಜಾಸ್ತಿ ಬಂದರೆ ಮಾತ್ರ ಬಿಡಬೇಡಿ: ಒಂದು ಕಡೆ ಬಟ್ಟೆ, ಎಲೆ ಸಮೇತ ತೂಗಿರುತ್ತಾರೆ, ಇಲ್ಲವೇ ಮಾಲೇ ಬದಲಾಗಿರುತ್ತದೆ. ಅದಕ್ಕೇ ಅರಗಿನ ಮೊಹರು ಯಾರದು, ಎಷ್ಟು ಎಂದು ಬರೆದಿದೆಯೇ ನೋಡಬೇಕು.

ಕಲಮು_ಹದಿನಾಲ್ಕು:
ಪಂಚರ, ಅಂದರೆ ಶೋಧನೆಗೆ ಸಾಕ್ಷಿಯಾಗಿ ನಿಲ್ಲುವವರ ವಿಷಯ ಬಿಟ್ಟುಹೋಗಿತ್ತು. ಶೋಧನೆಯ ರೀತಿಗೆ 16ನೇ ಕಲಮು ದಂಡ ಪ್ರಕ್ರಿಯಾ ಸಂಹಿತೆಯತ್ತ ಬೆರಳು ತೋರಿಸುತ್ತದೆ. 1898ರ ಸಂಹಿತೆಯ 103ನೇ ಕಲಮಿನಂತೆ ಆ ಊರಿನ ಇಬ್ಬರಾದರೂ ಮರ್ಯಾದಸ್ಥರು ಎದುರಿಗಿರಬೇಕು, ಯಾವ ವಸ್ತು ಎಲ್ಲಿ ಸಿಕ್ಕಿತೆಂದು ಪಟ್ಟಿ ಮಾಡಿ ಅವರ ರುಜು ಹಾಕಿಸಬೇಕು, ಮನೆಯವರು ಕೇಳಿದರೆ ನಕಲು ಕೊಡಬೇಕು. ಹೆಂಗಸನ್ನು ಶೋಧಿಸುವುದಾದರೆ ಹೆಂಗಸೇ, ಮರ್ಯಾದೆಗೆ ಕುಂದು ಬಾರದಂತೆ ಶೋಧಿಸಬೇಕು. ಅದೇ ಇಬ್ಬರು ಪಂಚರು ಹತ್ತು ಮಹಜರಿನಲ್ಲಿ ಕಂಡರೆ ಆ ಹತ್ತನ್ನೂ ಒಟ್ಟಿಗೆ ಇಟ್ಟು ಓದಿ.

ಹಿಡಿದ ಮಾಲು, ಆಸಾಮಿ ತಡವಿಲ್ಲದೆ ಹತ್ತಿರದ ಠಾಣೆಗೆ ಹೋಗಬೇಕು (20ನೇ ಕಲಮು), 48 ಗಂಟೆಯೊಳಗೆ ಮೇಲಧಿಕಾರಿಗೆ ಪೂರ್ತಿ ವರದಿ ಹೋಗಬೇಕು (21ನೇ ಕಲಮು). ಮಹಜರು ಕಳೆದುಹೋದ ಕಡೆ ಈ ವರದಿಯೇ ಕೈ ಹಿಡಿಯುತ್ತದೆ. ಅದು ಮೇಲಿನ ಕಚೇರಿಯ ಕಡತದಲ್ಲಿರುತ್ತದೆ, ಠಾಣೆಯದರಲ್ಲಿ ಹುಡುಕಿ ಸುಸ್ತಾಗಬೇಡಿ.

ಕಾರಣವಿಲ್ಲದೆ ಮನೆ ಹೊಕ್ಕ, ಸುಮ್ಮನೆ ಕಿರುಕುಳ ಕೊಟ್ಟ ನೌಕರನಿಗೆ 18ನೇ ಕಲಮಿನಲ್ಲಿ 500 ರೂಪಾಯಿವರೆಗೆ ಜುಲ್ಮಾನೆ ಇತ್ತು. ಆದರೆ 10ನೇ ಕಲಮು ಅಫೀಮಿಗೆ ಸರಿಯಾದ ಲೆಕ್ಕ ಕೊಡುವ ಭಾರವನ್ನು ಆರೋಪಿಯ ತಲೆಗೇ ಕಟ್ಟಿತ್ತು. ಈ ಎರಡನ್ನು ಪಕ್ಕಪಕ್ಕ ಇಟ್ಟು ನೋಡಿದರೆ ತಕ್ಕಡಿ ಯಾರ ಕಡೆ ವಾಲಿತ್ತೆಂಬುದು ತಿಳಿಯುತ್ತದೆ.

ಮಂಡ್ಯದ_ದಫ್ತರು:
1985ರ ಮಾದಕ ವಸ್ತು ಕಾಯಿದೆ ಈ ಹಳೆಯದನ್ನು ರದ್ದು ಮಾಡಿತು. ಆದರೂ 42, 57, 58ನೇ ಕಲಮುಗಳನ್ನು ತೆಗೆದು ನೋಡಿ: ಬರೆದಿಟ್ಟ ಸುಳಿವು, ಸೂರ್ಯನ ಹೊತ್ತು, 48 ಗಂಟೆಯ ವರದಿ, ಕಿರುಕುಳದ ಶೋಧನೆಗೆ ಶಿಕ್ಷೆ ಎಲ್ಲವೂ ಅಲ್ಲಿವೆ. ರಾತ್ರಿಯ ಮಟ್ಟಿಗೆ ಒಂದು ಸಡಿಲಿಕೆ ಸೇರಿದೆ: ವಾರಂಟು ತರುವಷ್ಟರಲ್ಲಿ ಸಾಕ್ಷ್ಯ ಮರೆಯಾಗುತ್ತದೆಂಬ ನಂಬಿಕೆಗೆ ಕಾರಣ ಬರೆದಿಟ್ಟು ಒಳಹೋಗಬಹುದು. 1910ರ ನಿಮ್ಮ ಜಮಾದಾರರಿಗೆ 1878ರ ಕಾಯಿದೆಯಲ್ಲಿ ಆ ದಾರಿ ಇರಲಿಲ್ಲ. ವಾರಂಟಿನ ನಕಲು ಕಡತದಲ್ಲಿದೆಯೇ, ಅದನ್ನು ಮೊದಲು ನೋಡಿ.