ಅಪ್‌ಡೇಟ್: ರೀಪರ್ ಪಿಯಾನೋ ರೋಲ್ ಜೂಮ್ ಸಮಸ್ಯೆ ಬಗೆಹರಿಯಿತು
ಎಐಗೆ "ಪಿಯಾನೋ ರೋಲ್ ಜೂಮ್ ಮಾಡು" ಅಂದರೆ ರೀಪರ್ ಎಂಬ ಸಂಗೀತ ರೆಕಾರ್ಡಿಂಗ್ ಸಾಫ್ಟ್‌ವೇರ್‌ನಲ್ಲಿ ಟ್ರ್ಯಾಕ್‌ಗಳಷ್ಟೇ ಜೂಮ್ ಆಗುತ್ತವೆ, ಮಿಡಿ ಎಡಿಟರ್ (ಸ್ವರಗಳನ್ನು ಡಿಜಿಟಲ್ ಆಗಿ ಬರೆದು ತಿದ್ದುವ ವಿಂಡೋ, ಪಿಯಾನೋ ರೋಲ್ ಇರುವುದು ಇದರಲ್ಲೇ) ಅಲ್ಲಾಡುವುದೇ ಇಲ್ಲ ಅಂತ ಕೇಳಿದ್ದೆ ಅಲ್ವಾ? ಈಗ ಸರಿಹೋಯಿತು.

ಪ್ರಾಂಪ್ಟ್ (ಎಐಗೆ ಕೊಡುವ ಸೂಚನೆ) ಇನ್ನೂ ವಿವರವಾಗಿ ಬರೆಯಿರಿ ಅನ್ನುವ ಸಲಹೆ ಉಪಯೋಗಕ್ಕೆ ಬರಲಿಲ್ಲ. ಎಐ ಜಾಸ್ತಿ ಮಾತಾಡಿತು, ಅಷ್ಟೇ. ರೀಪರ್ ಮತ್ತೆ ಇನ್‌ಸ್ಟಾಲ್ ಮಾಡಿದ್ದೂ ಸುಮ್ನೆ ದಂಡ.

ಕೈಹಿಡಿದದ್ದು ಬಸವನಗುಡಿಯ ಕೀಬೋರ್ಡ್ ಮೇಷ್ಟ್ರ ಮಾತು: ಎಐ ಬರೆದ ಸ್ಕ್ರಿಪ್ಟ್ (ರೀಪರ್‌ಗೆ ಕೆಲಸ ಹೇಳುವ ಪುಟ್ಟ ಪ್ರೋಗ್ರಾಂ) ತೆರೆದು ಓದಿ ಅಂದರು. ಅದರಲ್ಲಿ 'ಮೇನ್_ಆನ್‌ಕಮಾಂಡ್' ಅನ್ನುವ ಆದೇಶ ಇತ್ತು. ಅದು ಮುಖ್ಯ ವಿಂಡೋಗೆ ಮಾತ್ರ. ಪಿಯಾನೋ ರೋಲ್‌ಗೆ 'ಮಿಡಿಎಡಿಟರ್_ಲಾಸ್ಟ್‌ಫೋಕಸ್ಡ್_ಆನ್‌ಕಮಾಂಡ್' ಬೇಕು. ಆ ಹೆಸರು ಹೇಳಿದ ಮೇಲೆ ಎಐ ಸ್ಕ್ರಿಪ್ಟ್ ತಿದ್ದಿಕೊಟ್ಟಿತು. ಈಗ 'ಜೂಮ್ ಟು ಕಂಟೆಂಟ್' ಮಾಡಿಸಿದರೆ ಮಂದ್ರದಿಂದ ತಾರಸ್ಥಾಯಿವರೆಗಿನ ಸ್ವರಗಳೆಲ್ಲ ಒಟ್ಟಿಗೇ ಕಾಣುತ್ತವೆ. ನಮ್ಮ ಕರ್ನಾಟಕ ಸಂಗೀತದ ವರ್ಣಗಳನ್ನು ಮಿಡಿಗೆ ಹಾಕುವವರಿಗೆ ಇದು ದೊಡ್ಡ ಅನುಕೂಲ.

ಆಶ್ಚರ್ಯವಾದದ್ದು ಇನ್ನೊಂದು. ರೀಪರ್‌ನ ಆಕ್ಷನ್ ಪಟ್ಟಿಯಲ್ಲಿ (ಅದರ ಕಮಾಂಡ್‌ಗಳ ಪಟ್ಟಿ) ಮುಖ್ಯ ವಿಂಡೋಗೂ ಮಿಡಿ ಎಡಿಟರ್‌ಗೂ ಬೇರೆ ಬೇರೆ ವಿಭಾಗ ಇದೆ. ಒಂದೇ ಕಮಾಂಡ್ ನಂಬರ್ ಅಲ್ಲಿ ಒಂದು ಕೆಲಸ, ಇಲ್ಲಿ ಬೇರೆಯೇ ಕೆಲಸ ಮಾಡಬಹುದು. ಎಐ ಧೈರ್ಯವಾಗಿ ನಂಬರ್ ಕೊಟ್ಟರೂ ಪಟ್ಟಿಯಲ್ಲಿ ಹುಡುಕಿ ನೋಡಿಕೊಳ್ಳಿ. ಹಾಂ, ಮಿಡಿ ಎಡಿಟರ್ ತೆರೆದಿರಬೇಕು. ಮುಚ್ಚಿದ್ದರೆ ಸ್ಕ್ರಿಪ್ಟ್ ಓಡಿದರೂ ಏನೂ ಆಗುವುದಿಲ್ಲ.