ಮನೆಯಲ್ಲೇ ಮಾಡಿದ ಪ್ಲೈವುಡ್ ಪೆಟ್ಟಿಗೆ: ಕೇಬಲ್ ಒಳಹೋಗುವ ಕಡೆ ನೀರು ನಿಲ್ಲುತ್ತಿಲ್ಲ

ಪ್ರಶ್ನೆ:
ತೋಟದ ಪಂಪಿನ ಟೈಮರ್ ಮತ್ತು ರಿಲೇ ಇಡಲು 12 ಮಿ.ಮೀ. ಪ್ಲೈವುಡ್‌ನಲ್ಲಿ ಪೆಟ್ಟಿಗೆ ಮಾಡಿ ಹೊರಗೋಡೆಗೆ ಕೂರಿಸಿದ್ದೇನೆ. ಒಳಗೂ ಹೊರಗೂ ಬಣ್ಣ ಬಳಿದು, ಬಾಗಿಲಿಗೆ ರಬ್ಬರ್ ಪಟ್ಟಿ ಅಂಟಿಸಿದ್ದೇನೆ. ಪಕ್ಕದ ರಂಧ್ರದಿಂದ ಎರಡು ಕೇಬಲ್ ಒಳಹೋಗುತ್ತವೆ: ಒಂದು ದುಂಡು, ಪಂಪಿನದು ಚಪ್ಪಟೆ. ಸುತ್ತಲೂ ಸಿಲಿಕೋನ್ ತುಂಬಿದ್ದರೂ ಜೋರು ಮಳೆಯಾದ ಮೇಲೆ ಟರ್ಮಿನಲ್ ಪಟ್ಟಿಯ ಕೆಳಗೆ ತೇವ ಕಾಣುತ್ತದೆ. ಮಳೆಯಿಲ್ಲದ ದಿನವೂ ಬೆಳಗ್ಗೆ ಬಾಗಿಲಿನ ಒಳಮೈಯಲ್ಲಿ ಹನಿಗಳಿರುತ್ತವೆ. ಇನ್ನೊಂದು ಪದರ ಸಿಲಿಕೋನ್ ಹಾಕಲೇ?

ಉತ್ತರ 1:
ದಯವಿಟ್ಟು ಬೇಡ. ಪಿವಿಸಿ ಹೊದಿಕೆಗೆ ಸಿಲಿಕೋನ್ ಗಟ್ಟಿಯಾಗಿ ಕಚ್ಚುವುದಿಲ್ಲ. ಕೇಬಲ್ ಸ್ವಲ್ಪ ಅಲುಗಿದರೂ ಕೂದಲೆಳೆಯಷ್ಟು ಸಂದು ಬಿಡುತ್ತದೆ, ನೀರಿಗೆ ಅಷ್ಟು ಸಾಕು. ಇನ್ನೊಂದು ಸಂಗತಿ: ಒಣಗುವಾಗ ವಿನೆಗರ್‌ನಂತೆ ಹುಳಿ ವಾಸನೆ ಬರುವ ಸಿಲಿಕೋನ್ ಅಸಿಟಿಕ್ ಆಮ್ಲ ಬಿಡುತ್ತದೆ, ಅದು ತಾಮ್ರವನ್ನು ಹಸಿರುಗಟ್ಟಿಸುತ್ತದೆ. ಪೆಟ್ಟಿಗೆಯೊಳಗೆ ಅದನ್ನು ಬಳಸಲೇಬಾರದು.

ಪಕ್ಕದ ರಂಧ್ರ ಮುಚ್ಚಿ, ಕೇಬಲ್‌ಗಳನ್ನು ತಳದಿಂದ ಒಳತನ್ನಿ. ಒಳಹೋಗುವ ಮುನ್ನ ಕೇಬಲ್ ರಂಧ್ರಕ್ಕಿಂತ ಕೆಳಗಿಳಿದು ಮತ್ತೆ ಮೇಲೇರಬೇಕು. ಆ ಬಾಗಿನ ತಳದಲ್ಲಿ ನೀರು ತೊಟ್ಟಿಕ್ಕಿ ಹೋಗುತ್ತದೆ, ಕೇಬಲ್ ಹಿಡಿದು ಒಳಗೆ ಹರಿಯುವುದಿಲ್ಲ.

ರಂಧ್ರಕ್ಕೆ ಕೇಬಲ್ ಗ್ಲ್ಯಾಂಡ್ (ತಿರುಗಿಸಿದಾಗ ಒಳಗಿನ ರಬ್ಬರ್ ಕೇಬಲ್ಲನ್ನು ಸುತ್ತಲೂ ಬಿಗಿಹಿಡಿದು ನೀರು ತಡೆಯುವ ಬಿಡಿಭಾಗ) ಹಾಕಿ. ಇಲ್ಲಿ ನಿಮ್ಮ ಪ್ಲೈವುಡ್ಡೇ ಅಡ್ಡಿ. ಸಾಮಾನ್ಯ ಪ್ಲಾಸ್ಟಿಕ್ ಗ್ಲ್ಯಾಂಡಿನ ತಿರುಪಿನ ಭಾಗ 12 ಮಿ.ಮೀ. ದಾಟಿ ಒಳಗಿನ ನಟ್ಟಿಗೆ ಸಿಗುವಷ್ಟು ಉದ್ದವಿರುವುದಿಲ್ಲ. ತಳದಲ್ಲಿ ಅಂಗೈಯಗಲದ ಕಿಂಡಿ ಕೊರೆದು, ಕತ್ತರಿಸಿದ ಅಂಚುಗಳಿಗೆ ಎಪಾಕ್ಸಿ ಕುಡಿಸಿ. ಪ್ಲೈವುಡ್ ಅಂಚಿನಿಂದಲೇ ನೀರು ಹೀರುವುದು. ಆಮೇಲೆ ರಬ್ಬರ್ ಹಾಳೆಯ ಮೇಲೆ 3 ಮಿ.ಮೀ. ಪ್ಲಾಸ್ಟಿಕ್ ಫಲಕ ಬಿಗಿದು, ಗ್ಲ್ಯಾಂಡನ್ನು ಅದರಲ್ಲಿ ಕೂರಿಸಿ. ಗ್ಲ್ಯಾಂಡಿನ ವಾಷರ್ ಹೊರಬದಿಗಿರಲಿ. ಒಳಗಿನ ರಬ್ಬರ್ ಕೇಬಲ್ಲಿನ ಹೊರ ಹೊದಿಕೆಯನ್ನೇ ಹಿಡಿಯಬೇಕು, ಬಿಡಿ ತಂತಿಗಳನ್ನಲ್ಲ. ಕೆಲಸ ಶುರುಮಾಡುವ ಮೊದಲು ವಿದ್ಯುತ್ ಕಡಿದು, ಟೆಸ್ಟರ್ ಇಟ್ಟು ನೋಡಿ.

ಉತ್ತರ 2:
ಬೆಳಗಿನ ಹನಿಗಳು ಮಳೆಯವಲ್ಲ. ಬಿಸಿಲಿಗೆ ಒಳಗಿನ ಗಾಳಿ ಹಿಗ್ಗಿ ಹೊರಹೋಗುತ್ತದೆ. ಪೆಟ್ಟಿಗೆ ತಣ್ಣಗಾದಾಗ ತೇವದ ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ, ಸಂದಿನಲ್ಲಿ ನೀರಿದ್ದರೆ ಅದನ್ನೂ. ತಳದ ಅತಿ ತಗ್ಗಿನ ಮೂಲೆಯಲ್ಲಿ 5 ಮಿ.ಮೀ. ರಂಧ್ರ ಕೊರೆದು, ಇರುವೆ ಬಾರದಂತೆ ಸಣ್ಣ ಕಣ್ಣಿನ ಸ್ಟೀಲ್ ಜಾಲರಿ ಅಂಟಿಸಿ. ಹೊರಗಿಡುವ ಪೆಟ್ಟಿಗೆಯನ್ನು ಪೂರ್ತಿ ಬಿಗಿಯುವ ಹಟಕ್ಕಿಂತ, ಒಳಬಂದ ನೀರಿಗೆ ದಾರಿ ಬಿಡುವುದೇ ನನಗೆ ಸರಿ ಎನಿಸುತ್ತದೆ.

ಪ್ರಶ್ನೆ ಕೇಳಿದವರು:
ರಂಧ್ರದ ಮಾತು ಹೊಳೆದೇ ಇರಲಿಲ್ಲ, ಧನ್ಯವಾದಗಳು. ಆದರೆ ಚಪ್ಪಟೆ ಕೇಬಲ್ಲಿಗೆ ದುಂಡು ಗ್ಲ್ಯಾಂಡ್ ಹೇಗೆ ಹೊಂದುತ್ತದೆ?

ಉತ್ತರ 1:
ಹೊಂದುವುದಿಲ್ಲ, ಎಷ್ಟು ತಿರುಗಿಸಿದರೂ ಎರಡೂ ಪಕ್ಕ ಸಂದು ಉಳಿಯುತ್ತದೆ. ಉದ್ದಸೀಳಿನ ರಬ್ಬರ್ ಇರುವ ಗ್ಲ್ಯಾಂಡ್‌ಗಳು ಸಿಗುತ್ತವೆ. ಕೇಬಲ್ಲಿನ ಅಗಲ ಮತ್ತು ದಪ್ಪ ಎರಡನ್ನೂ ಅಳೆದುಕೊಂಡು ಅದಕ್ಕೆ ಒಪ್ಪುವುದನ್ನೇ ತನ್ನಿ. ಎರಡು ಕೇಬಲ್‌ಗಳನ್ನು ಒಂದೇ ಗ್ಲ್ಯಾಂಡಿಗೆ ತುರುಕಬೇಡಿ.