ಏರ್‌ಬ್ಯಾಗ್ ಕವರ್‌ಗೆ ರೆಗ್ಜಿನ್ ಹೊದಿಸಿ ಪೀಚೆಕತ್ತಿ ಬ್ಯಾಡ್ಜ್ ಹಾಕಿಸಬಹುದಾ? ಅನುಭವ ಇದ್ದವರು ಹೇಳಿ

ವಿರಾಜಪೇಟೆಯಿಂದ, ಕೇಳುತ್ತಿರುವವನು:
ಎಲ್ಲರಿಗೂ ನಮಸ್ಕಾರ. ಮೂರು ತಿಂಗಳ ಹಿಂದೆ ಒಂದು ಸೆಕೆಂಡ್ ಹ್ಯಾಂಡ್ ಕಾರು ತೆಗೆದುಕೊಂಡೆ. 2020ರ ಮಾಡೆಲ್. ಗಾಡಿ ಚೆನ್ನಾಗಿಯೇ ಓಡುತ್ತಿದೆ. ಆದರೆ ಸ್ಟೀರಿಂಗ್ ನಡುವಿನ ಏರ್‌ಬ್ಯಾಗ್ ಕವರ್‌ನ ಬಣ್ಣ ಸುತ್ತಲಿನ ಪ್ಲಾಸ್ಟಿಕ್‌ಗೆ ಹೊಂದುವುದಿಲ್ಲ, ಸ್ವಲ್ಪ ಬೂದು ಹೊಡೆಯುತ್ತದೆ. ಕೂತಾಗಲೆಲ್ಲ ಅದೇ ಕಣ್ಣಿಗೆ ಬೀಳುತ್ತದೆ. ಡಿಸೆಂಬರಿನಲ್ಲಿ ಅಣ್ಣನ ಮದುವೆ. ಅಷ್ಟರೊಳಗೆ ಅದಕ್ಕೆ ಕಪ್ಪು ರೆಗ್ಜಿನ್ ಹೊದಿಸಿ, ಲೋಗೊ ಇರುವ ಜಾಗದಲ್ಲಿ ಹಿತ್ತಾಳೆಯ ಪುಟ್ಟ ಪೀಚೆಕತ್ತಿ (ಕೊಡವರು ಸೊಂಟಕ್ಕೆ ಸಿಕ್ಕಿಸುವ ಕಿರುಗತ್ತಿ) ಬ್ಯಾಡ್ಜ್ ಕೂರಿಸಬೇಕು ಅಂತ ಆಸೆ. ಮೈಸೂರಿನ ಒಂದು ಸೀಟ್ ಕವರ್ ಅಂಗಡಿಯವರು "ಆರಾಮಾಗಿ ಮಾಡಿಕೊಡುತ್ತೇವೆ, ಬ್ಯಾಗ್ ಬಿಚ್ಚಿಕೊಳ್ಳಲು ನಡುವೆ ಒಂದು ಸೀಳು ಬಿಡುತ್ತೇವೆ" ಅಂದರು. ಚಿಕ್ಕಪ್ಪ ಬೇಡವೇ ಬೇಡ ಎನ್ನುತ್ತಿದ್ದಾರೆ. ನಿಜವಾಗಿ ಅಪಾಯ ಇದೆಯಾ, ಇಲ್ಲ ಸುಮ್ನೆ ಹೆದರಿಸುತ್ತಾರಾ?

ನಾಪೋಕ್ಲುವಿನಿಂದ:
ಏನೂ ಆಗುವುದಿಲ್ಲ ಮಾರಾಯ. ನನ್ನ ಗಾಡಿಯ ಲೋಗೊ ಸುತ್ತ ಕೆಂಪು ಕಲ್ಲಿನ ರಿಂಗ್ ಇದೆ, ಮಗಳು ಆನ್‌ಲೈನಲ್ಲಿ ತರಿಸಿ ಅಂಟಿಸಿದ್ದು. ಐದು ವರ್ಷ ಆಯಿತು. ತೋಟದ ರಸ್ತೆಯಲ್ಲಿ ಅಷ್ಟು ಕುಲುಕಾಡಿದರೂ ಒಂದು ಕಲ್ಲು ಉದುರಿಲ್ಲ.

ಗೋಣಿಕೊಪ್ಪದಿಂದ, ಗ್ಯಾರೇಜ್ ನಡೆಸುವವನು:
ನಾಪೋಕ್ಲು ಅಣ್ಣ, ಐದು ವರ್ಷದಲ್ಲಿ ನಿಮ್ಮ ಏರ್‌ಬ್ಯಾಗ್ ಒಂದು ಸಲವೂ ಓಪನ್ ಆಗಿಲ್ಲ. ಏನೂ ಆಗದೇ ಇರುವುದಕ್ಕೆ ಅದೇ ಕಾರಣ, ಗಮ್ ಗಟ್ಟಿ ಇರುವುದಲ್ಲ. ಕುಲುಕಾಟಕ್ಕೆ ಉದುರದ್ದು ಬ್ಯಾಗ್ ಹೊಡೆತಕ್ಕೂ ಉದುರಲ್ಲ ಎಂದುಕೊಳ್ಳಬೇಡಿ. ಬ್ಯಾಗ್ ಸುಮಾರು 30 ಮಿಲಿಸೆಕೆಂಡಿನಲ್ಲಿ ತುಂಬಿಕೊಳ್ಳುತ್ತದೆ. ಹೊರಬರುವ ವೇಗ ಗಂಟೆಗೆ 300 ಕಿ.ಮೀ. ಆಸುಪಾಸು. ಕಣ್ಣು ಮುಚ್ಚಿಕೊಳ್ಳಲೂ ಟೈಮ್ ಸಿಗುವುದಿಲ್ಲ. ನಿಮ್ಮದೇ ಥರದ ಕಲ್ಲಿನ ಸ್ಟಿಕ್ಕರ್ ಹೀಗೆ ಎಗರಿ ಅಮೆರಿಕದಲ್ಲಿ ಒಬ್ಬ ಚಾಲಕರ ಒಂದು ಕಣ್ಣೇ ಹೋಯಿತು. ಅಲ್ಲಿನ ಹೆದ್ದಾರಿ ಸುರಕ್ಷತಾ ಇಲಾಖೆ ಇಂಥವನ್ನು ಹಾಕಬೇಡಿ ಅಂತ ಜನರಿಗೆ ಎಚ್ಚರಿಕೆ ಕೊಟ್ಟಿದೆ.

ಈಗ ವಿರಾಜಪೇಟೆಯವರ ರೆಗ್ಜಿನ್ ವಿಷಯ. ನಾನು ಮೊದಲು ಮೈಸೂರಿನಲ್ಲಿ ಸರ್ವಿಸ್ ಸೆಂಟರಿನಲ್ಲಿದ್ದೆ, ಓಪನ್ ಆದ ಬ್ಯಾಗ್‌ಗಳನ್ನು ಬದಲಾಯಿಸಿದ್ದೇನೆ. ಹೊರಗಿನಿಂದ ನೋಡಿದರೆ ಆ ಕವರ್ ಒಂದು ಮುಚ್ಚಳದ ಹಾಗೆ ಕಾಣುತ್ತದೆ. ತಿರುಗಿಸಿ ಒಳಮೈ ನೋಡಿದರೆ ಬೇರೆಯೇ ಕಥೆ. ಅಲ್ಲಿ ತೆಳುವಾಗಿ ಕೊರೆದ ಗೆರೆಗಳಿರುತ್ತವೆ. ಮಾತ್ರೆ ಹಾಳೆಯಲ್ಲಿ ಹರಿಯಲು ಗೆರೆ ಇರುತ್ತದಲ್ಲ, ಹಾಗೆ. ಬ್ಯಾಗ್ ಒಳಗಿನಿಂದ ಗುದ್ದಿದಾಗ ಕವರ್ ಆ ಗೆರೆಯಲ್ಲೇ ಸೀಳಬೇಕು. ಸೀಳಿದ ಹಾಳೆಗಳು ಬಾಗಿಲಿನ ಹಾಗೆ ಮಡಚಿಕೊಳ್ಳಬೇಕು, ಕಿತ್ತು ಹಾರಬಾರದು. ಅದಕ್ಕೇ ಅದನ್ನು ರಬ್ಬರಿನ ಹಾಗೆ ಬಾಗುವ ಪ್ಲಾಸ್ಟಿಕ್‌ನಲ್ಲಿ ಮಾಡಿರುತ್ತಾರೆ. ಗೆರೆ ಒಂದೊಂದು ಗಾಡಿಯಲ್ಲಿ ಒಂದೊಂದು ಥರ. ಹೊರಗಿನಿಂದ ಕಾಣಿಸುವುದೇ ಇಲ್ಲ. ಹಾಗಿರುವಾಗ ಅಂಗಡಿಯವರು "ನಡುವೆ ಸೀಳು ಬಿಡುತ್ತೇವೆ" ಎನ್ನುವುದು ಯಾವ ಲೆಕ್ಕದಲ್ಲಿ?

ಮೇಲೆ ರೆಗ್ಜಿನ್ ಎಳೆದು ಅಂಟಿಸಿದರೆ ಆ ಗೆರೆಗೆ ಪಟ್ಟಿ ಕಟ್ಟಿದ ಹಾಗೆ. ಬ್ಯಾಗ್ ಹೊರಬರುವುದು ತಡವಾಗಬಹುದು, ಒಂದು ಪಕ್ಕಕ್ಕೆ ಓರೆಯಾಗಿ ನುಗ್ಗಬಹುದು, ಕವರ್ ತುಂಡಾಗಿ ಮುಖಕ್ಕೆ ಬರಬಹುದು. ತಡ ಅಂದರೆ ಸೆಕೆಂಡಿನ ಸಣ್ಣ ಚೂರು ಅಷ್ಟೇ, ಆದರೆ ಅಷ್ಟರಲ್ಲಿ ನಿಮ್ಮ ತಲೆ ಸ್ಟೀರಿಂಗ್ ಹತ್ತಿರ ಬಂದಾಗಿರುತ್ತದೆ. ತುಂಬುತ್ತಿರುವ ಬ್ಯಾಗ್‌ಗೆ ಮುಖ ಕೊಟ್ಟರೆ ಅದೇ ಗುದ್ದುತ್ತದೆ. ಕಂಪನಿಯವರೇ ಲೆದರ್ ಹೊದಿಸಿದ ಕವರ್ ಕೊಡುವ ಗಾಡಿಗಳಿವೆ, ನಿಜ. ಅವರು ಲೆದರನ್ನೂ ಹಿಂದಿನಿಂದ ಗೆರೆಯ ಜಾಗದಲ್ಲಿ ತೆಳು ಮಾಡಿರುತ್ತಾರೆ. ಚಳಿಯಲ್ಲಿ ಒಮ್ಮೆ, ಬಿಸಿಯಲ್ಲಿ ಒಮ್ಮೆ ಬ್ಯಾಗ್ ಸಿಡಿಸಿ ನೋಡಿರುತ್ತಾರೆ. ಅಂಗಡಿಯವರು ಎಷ್ಟು ಬ್ಯಾಗ್ ಸಿಡಿಸಿ ನೋಡಿದ್ದಾರೆ, ಕೇಳಿ ನೋಡಿ.

ಇನ್ನೊಂದು ಚಿಕ್ಕ ವಿಷಯ. ತುಂಬ ಗಾಡಿಗಳಲ್ಲಿ ಹಾರ್ನ್ ಒತ್ತುವುದು ಆ ಕವರನ್ನೇ. ರೆಗ್ಜಿನ್ ಅಂಚನ್ನು ಸಂದಿಗೆ ತುರುಕಿದರೆ ಹಾರ್ನ್ ಸಿಕ್ಕಿಕೊಳ್ಳುತ್ತದೆ. ಮಾಕುಟ್ಟ ಘಾಟಿಯ ತಿರುವಿನಲ್ಲಿ ಹಾರ್ನ್ ಇಲ್ಲದೆ ಇಳಿದು ನೋಡಿ, ಗೊತ್ತಾಗುತ್ತದೆ.

ಸೋಮವಾರಪೇಟೆಯಿಂದ:
ರೆಗ್ಜಿನ್, ಸ್ಟಿಕ್ಕರ್ ಮಾತ್ರ ಅಲ್ಲ, ಒರೆಸುವುದರಲ್ಲೂ ನಾನು ಎಡವಟ್ಟು ಮಾಡಿಕೊಂಡೆ. ನಮ್ಮ ಮಳೆ ಗೊತ್ತಲ್ಲ. ಒಂದು ಆಷಾಢದಲ್ಲಿ ಗಾಡಿ ಮೂರು ವಾರ ನಿಂತೇ ಇತ್ತು. ಬಾಗಿಲು ತೆಗೆದರೆ ಸ್ಟೀರಿಂಗ್, ಸೀಟು ಎಲ್ಲ ಬೂಷ್ಟು. ಮನೆಯಲ್ಲಿ ಗೇಟಿಗೆ ಪೇಂಟ್ ಹೊಡೆದು ಉಳಿದಿದ್ದ ಥಿನ್ನರ್ ಇತ್ತು, ಅದರಲ್ಲೇ ತಿಕ್ಕಿದೆ. ಬೂಷ್ಟು ಹೋಯಿತು, ಜೊತೆಗೆ ಕವರ್‌ನ ಮೆದುತನವೂ ಹೋಯಿತು. ಬಿಳಿಚಿಕೊಂಡು, ಉಗುರಲ್ಲಿ ಒತ್ತಿದರೆ ಗಟ್ಟಿ. ಸರ್ವಿಸ್‌ನವರು ಇದು ಗೆರೆಯಲ್ಲಿ ಸೀಳುವ ಬದಲು ಚೂರಾಗಬಹುದು ಅಂದರು. ಬದಲಾಯಿಸಿದೆ, ದುಡ್ಡು ಎಷ್ಟು ಅಂತ ಇಲ್ಲಿ ಬರೆಯುವುದಿಲ್ಲ, ಹೆಂಡತಿಯೂ ಓದುತ್ತಾಳೆ. ಈಗ ಒದ್ದೆ ಬಟ್ಟೆ, ಸ್ವಲ್ಪ ಸೋಪು, ಅಷ್ಟೇ.

ಕುಶಾಲನಗರದಿಂದ:
ಚಂದ ಬೇಕಿದ್ದರೆ ಹಿಡಿಯುವ ವೃತ್ತಕ್ಕೆ ಮಾತ್ರ ಲೆದರ್ ಹೊಲಿಸಿ. ನಾನು ಹಾಗೇ ಮಾಡಿಸಿದ್ದೇನೆ, ನಡುವಿನ ಕವರ್ ಮುಟ್ಟಿಸಿಲ್ಲ. ಸಡಿಲ ಇರುವ ರೆಡಿಮೇಡ್ ಕವರ್ ಬೇಡ, ತಿರುವಿನಲ್ಲಿ ಕೈ ಜಾರುತ್ತದೆ.

ಮಡಿಕೇರಿಯಿಂದ, ಟೀಚರ್:
ನನ್ನ ಗಾಡಿಯ ಏರ್‌ಬ್ಯಾಗ್ ಓಪನ್ ಆಗಿದೆ, ಅದಕ್ಕೇ ಬರೆಯುತ್ತಿದ್ದೇನೆ. ಎರಡು ವರ್ಷದ ಹಿಂದೆ, ಜುಲೈ ತಿಂಗಳು, ಸಂಪಾಜೆ ಘಾಟಿ. ಎದುರಿನಿಂದ ಬಂದ ವ್ಯಾನ್ ಲಾರಿಯನ್ನು ಹಿಂದೆ ಹಾಕಲು ಹೋಗಿ ನನ್ನ ಕಡೆಗೆ ಬಂತು. ಬ್ರೇಕ್ ಒತ್ತಿದ್ದು ನೆನಪಿದೆ. ಆಮೇಲೆ ಕಿವಿ ಪಕ್ಕದಲ್ಲೇ ಕೋವಿ ಹೊಡೆದ ಹಾಗೆ ಸದ್ದು. ಬ್ಯಾಗ್ ಬಂದಿದ್ದನ್ನು ನಾನು ನೋಡಲೇ ಇಲ್ಲ. ನೋಡುವಷ್ಟರಲ್ಲಿ ಅದು ಗಾಳಿ ಬಿಟ್ಟು ಮಡಿಲಲ್ಲಿ ಬಿದ್ದಿತ್ತು. ಗಾಡಿ ತುಂಬ ಬಿಳಿ ಪುಡಿ, ಪಟಾಕಿ ವಾಸನೆ. ಬೆಂಕಿ ಹತ್ತಿಕೊಂಡಿತು ಅಂತ ಗಾಬರಿಯಾಗಿ ಬಾಗಿಲು ತಳ್ಳಿಕೊಂಡು ಮಳೆಗೆ ಇಳಿದೆ. ಆ ಪುಡಿ ಬ್ಯಾಗ್ ಸರಾಗವಾಗಿ ಬಿಚ್ಚಿಕೊಳ್ಳಲಿ ಅಂತ ಹಾಕಿರುವುದಂತೆ. ಬೆಲ್ಟ್ ಹಾಕಿದ್ದೆ, ಮುಖಕ್ಕೆ ಏನೂ ಆಗಲಿಲ್ಲ. ಎಡಗೈ ಸ್ಟೀರಿಂಗ್ ತಲೆಯ ಮೇಲಿತ್ತು, ಮಣಿಕಟ್ಟು ಉಜ್ಜಿ ಸುಟ್ಟ ಗಾಯ. ಕೈ ಗಡಿಯಾರದ ಒಂಬತ್ತು ಮತ್ತು ಮೂರರ ಜಾಗದಲ್ಲಿ ಇರಬೇಕು, ಎದೆಗೂ ಸ್ಟೀರಿಂಗ್‌ಗೂ ಕಡಿಮೆ ಅಂದರೂ 25 ಸೆಂ.ಮೀ. ಅಂತರ ಇರಬೇಕು ಅಂತ ಆಮೇಲೆ ಕಲಿತೆ. ಕುಳ್ಳಗಿರುವವರು ಸೀಟು ಮುಂದೆ ಎಳೆದುಕೊಂಡು ಕೂರುತ್ತೇವಲ್ಲ, ನಮಗೆ ಇದು ಜಾಸ್ತಿ ಮುಖ್ಯ.

ನಾನು ಹೇಳಲು ಬಂದಿದ್ದು ಇನ್ನೊಂದು. ಡ್ಯಾಶ್‌ಬೋರ್ಡ್ ಮೇಲೆ ಎಡಗಡೆ ಒಂದು ಹಿತ್ತಾಳೆ ಗಣಪ ಇಟ್ಟಿದ್ದೆ, ಡಬಲ್ ಟೇಪ್ ಹಾಕಿ. ಆಯುಧಪೂಜೆ ದಿನ ಇಟ್ಟಿದ್ದು. ಅದರ ಕೆಳಗೇ ಪಕ್ಕದ ಸೀಟಿನ ಏರ್‌ಬ್ಯಾಗ್ ಇದೆ ಅಂತ ನನಗೆ ಹೊಳೆದೇ ಇರಲಿಲ್ಲ. ಆ ಬ್ಯಾಗೂ ಓಪನ್ ಆಯಿತು. ಗಣಪ ಮುಂದಿನ ಗಾಜಿಗೆ ಬಡಿದು, ಗಾಜಲ್ಲಿ ಜೇಡರಬಲೆ ಮೂಡಿಸಿ, ಹಿಂದಿನ ಸೀಟಿನ ಕೆಳಗೆ ಸಿಕ್ಕಿದ. ಪಕ್ಕದ ಸೀಟು ಖಾಲಿ ಇತ್ತು. ಅಮ್ಮ ಬರುವವರಿದ್ದರು, ಮಳೆ ನೋಡಿ ಉಳಿದುಕೊಂಡಿದ್ದರು. ಈಗ ಗಣಪ ಗ್ಲೋವ್ ಬಾಕ್ಸ್ ಒಳಗೆ ಇದ್ದಾನೆ. ಕುಂಕುಮ ಹಚ್ಚಿದರೆ ಏನೂ ಇಲ್ಲ, ಭಾರದ ವಸ್ತು ಇಡಬೇಡಿ.

ಸಿದ್ದಾಪುರದಿಂದ:
ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್ ಅಂತ ಬರೆದ ಚೀಟಿ ಇದ್ದರೆ ದಪ್ಪ ಸೀಟ್ ಕವರ್ ಕೂಡ ಹೊಲಿಸಬೇಡಿ. ಅಲ್ಲೂ ಇದೇ ಕಥೆ. ಅಂಥ ಸೀಟಿಗೆ ಆ ಜಾಗದಲ್ಲಿ ಸುಲಭವಾಗಿ ಕೀಳುವ ದಾರದಲ್ಲಿ ಹೊಲಿದ ಕವರ್ ಬೇರೆ ಬರುತ್ತದೆ.

ನಾಪೋಕ್ಲುವಿನಿಂದ:
ಟೀಚರ್ ಬರೆದಿದ್ದು ಓದಿ ಮಗಳೇ "ಪಪ್ಪಾ ತೆಗೀರಿ" ಅಂದಳು. ಹೇರ್ ಡ್ರೈಯರಿನಲ್ಲಿ ಬಿಸಿ ಮಾಡಿ ತೆಗೆಯಲಾ?

ಗೋಣಿಕೊಪ್ಪದಿಂದ:
ಬಿಸಿ ಬೇಡ ಅಣ್ಣ, ಒಳಗಿರುವುದು ಸಿಡಿಯುವ ಮದ್ದು. ಚಾಕು, ಸ್ಕ್ರೂಡ್ರೈವರ್ ಹಾಕಿ ಮೀಟಲೂ ಬೇಡ. ಗಾಳದ ನೈಲಾನ್ ದಾರ ಇದ್ದೇ ಇರುತ್ತದಲ್ಲ ನಿಮ್ಮ ಮನೆಯಲ್ಲಿ. ಅದನ್ನು ರಿಂಗ್ ಅಡಿಗೆ ಹಾಕಿ ಗರಗಸದ ಹಾಗೆ ಮೆಲ್ಲಗೆ ಎಳೆಯಿರಿ. ಉಳಿದ ಗಮ್ ಬೆರಳಲ್ಲೇ ಉಜ್ಜಿ ತೆಗೆಯಿರಿ.

ವಿರಾಜಪೇಟೆಯವರೇ, ನಿಮ್ಮ ಪ್ರಶ್ನೆ ಎರಡನೇ ಸಲ ಓದಿದೆ. ಹೊದಿಸುವುದು ಬಿಡುವುದು ಆಮೇಲೆ. ಆ ಕವರ್ ಬಣ್ಣ ಯಾಕೆ ಬೇರೆ ಇದೆ? 2020ರ ಗಾಡಿಯಲ್ಲಿ ಅದೊಂದೇ ಬೂದು ಹೊಡೆಯಲು ಕಾರಣ ಬೇಕು. ಯಾರೋ ಬಣ್ಣ ಬಳಿದಿರಬಹುದು, ಇಲ್ಲ ಕವರೇ ಬದಲಾಗಿರಬಹುದು. ಆಕ್ಸಿಡೆಂಟ್ ಆದ ಗಾಡಿಗೆ ಹೊಸ ಬ್ಯಾಗ್ ಹಾಕದೆ, ಬರೀ ಕವರ್ ಕೂರಿಸಿ ಮಾರುವವರು ಇದ್ದಾರೆ. ಜುಲೈ 2019ರಿಂದ ಚಾಲಕನ ಏರ್‌ಬ್ಯಾಗ್ ಕಡ್ಡಾಯ, ಹಾಗಾಗಿ ನಿಮ್ಮ ಗಾಡಿಯಲ್ಲಿ ಬ್ಯಾಗ್ ಇರಲೇಬೇಕು. ಒಂದು ಕೆಲಸ ಮಾಡಿ. ಎಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿ, ಮೀಟರಿನಲ್ಲಿ ಏರ್‌ಬ್ಯಾಗ್ ದೀಪ ನೋಡಿ. ಕೂತ ಮನುಷ್ಯನ ಮುಂದೆ ದುಂಡಗೆ ಬಲೂನಿನ ಹಾಗೆ ಇರುವ ಚಿತ್ರ. ಅದು ಕೆಲವು ಸೆಕೆಂಡ್ ಉರಿದು ಆರಬೇಕು. ಆರದೇ ಉಳಿದರೂ ತೊಂದರೆ, ಉರಿಯದೇ ಹೋದರೂ ತೊಂದರೆ. ಸರಿಯಾಗಿ ಉರಿದು ಆರಿದರೂ ಪೂರ್ತಿ ನಂಬಬೇಡಿ, ಬ್ಯಾಗ್ ಜಾಗದಲ್ಲಿ ರೆಸಿಸ್ಟರ್ ಅನ್ನುವ ಪುಟ್ಟ ಎಲೆಕ್ಟ್ರಿಕ್ ಬಿಡಿಭಾಗ ಸಿಕ್ಕಿಸಿ ದೀಪಕ್ಕೇ ಮೋಸ ಮಾಡುತ್ತಾರೆ. ನೀವೇ ಕವರ್ ಬಿಚ್ಚಲು ಹೋಗಬೇಡಿ. ಬ್ಯಾಟರಿ ತೆಗೆದರೂ ಒಳಗೆ ಸ್ವಲ್ಪ ಹೊತ್ತು ಕರೆಂಟ್ ನಿಂತಿರುತ್ತದೆ.

ವಿರಾಜಪೇಟೆಯಿಂದ, ಕೇಳಿದವನು:
ಎಲ್ಲರಿಗೂ ಥ್ಯಾಂಕ್ಸ್. ಮೈಸೂರಿನವರಿಗೆ ಫೋನ್ ಮಾಡಿ ಬೇಡ ಅಂದೆ. ಬ್ಯಾಡ್ಜ್ ಆಗಲೇ ಮಾಡಿಸಿಬಿಟ್ಟಿದ್ದೆ, ಅದನ್ನು ಕೀಚೈನ್‌ಗೆ ಹಾಕಿಸುತ್ತೇನೆ.

ಗೋಣಿಕೊಪ್ಪದ ಅಣ್ಣ, ಈಗ ಶೆಡ್ಡಿಗೆ ಹೋಗಿ ಕೀ ಆನ್ ಮಾಡಿ ನೋಡಿದೆ. ಎಬಿಎಸ್ ದೀಪ ಬಂತು, ಎಂಜಿನ್ ದೀಪ ಬಂತು, ಬ್ಯಾಟರಿ ದೀಪ ಬಂತು. ಏರ್‌ಬ್ಯಾಗ್ ದೀಪ ಬರಲೇ ಇಲ್ಲ. ಮೂರು ಸಲ ನೋಡಿದೆ, ಚಿಕ್ಕಪ್ಪನನ್ನೂ ಕರೆದು ತೋರಿಸಿದೆ. ಸೋಮವಾರ ಬೆಳಿಗ್ಗೆ ನಿಮ್ಮ ಗ್ಯಾರೇಜಿಗೆ ತರಲಾ?

ಗೋಣಿಕೊಪ್ಪದಿಂದ:
ತನ್ನಿ. ಅಲ್ಲಿಯವರೆಗೆ ಘಾಟಿ ಕಡೆ ಹೋಗಬೇಡಿ, ಬೆಲ್ಟ್ ಇಲ್ಲದೆ ಅಂಗಡಿಗೂ ಹೋಗಬೇಡಿ. ಆರ್‌ಸಿ, ಮಾರಿದವರು ಕೊಟ್ಟ ಕಾಗದ ಎಲ್ಲ ಜೊತೆಗಿರಲಿ. ಕವರ್ ಬಿಚ್ಚುವಾಗ ನಿಮ್ಮ ಎದುರಿಗೇ ಬಿಚ್ಚುತ್ತೇನೆ, ಫೋಟೊ ತೆಗೆದುಕೊಳ್ಳಿ.